ಕಾಳಿಯ ಕಿವಿಯೂ ಒಂದಿಷ್ಟು ಇತಿಹಾಸವೂ

ಮನೆಗೆ ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. "ಅಯ್ಯೋ ಪಾಪ, ಇದರ ಕಿವಿಗೇನಾಯ್ತು? ಬೇರೆ ನಾಯಿ ಕಚ್ತಾ?" ನಾನು ಪ್ರತಿ ಸಲವೂ "ಕಚ್ಚಿದ್ದಲ್ಲ, ಡಾಕ್ಟರು ಕತ್ತರಿಸಿದ್ದು" ಅಂತೀನಿ. ಆಗ ಅವರ ಮುಖದಲ್ಲಿ ಅನುಕಂಪ ಹೋಗಿ ಅನುಮಾನ ಬರುತ್ತೆ. ಆಮೇಲೆ ಐದು ನಿಮಿಷ ವಿವರಣೆ ಕೊಡಬೇಕು. ಈ ಐದು ನಿಮಿಷವನ್ನು ಸ್ವಲ್ಪ ಎಳೆದು ಇಲ್ಲೇ ಬರೆದುಬಿಟ್ಟರೆ ಮುಂದೆ ಕೇಳಿದವರಿಗೆ ಓದಿಕೊಳ್ಳಿ ಅನ್ನಬಹುದು ಅಂತ ಈ ಬರಹ :)

ನಾಯಿ, ಕಿವಿ ಎರಡೂ ಒಟ್ಟಿಗೆ ಬಂದರೆ ನಮ್ಮಂಥ ಓದುಗರಿಗೆ ತೇಜಸ್ವಿಯವರ ಮನೆಯ 'ಕಿವಿ' ನೆನಪಾಗದೆ ಇರುವುದಿಲ್ಲ. ಆದರೆ ಆ ಕಿವಿ ಕಾಡೆಲ್ಲ ಸುತ್ತಿದ ಧೈರ್ಯವಂತ. ನಮ್ಮ ಕಾಳಿ ತನ್ನ ನೀರಿನ ಬಟ್ಟಲು ಅಲುಗಾಡಿದರೂ ಹೆದರುವವಳು. ಅವಳ ಬಲಗಿವಿಯ ತುದಿಯಲ್ಲಿ ಕತ್ತರಿಯಿಂದ ತೆಗೆದ ಹಾಗೆ ಒಂದು ಚಿಕ್ಕ ಕಚ್ಚು ಇದೆ. ಹಳೇ ರೈಲು ಟಿಕೆಟ್ಟಿಗೆ ಟಿ.ಸಿ. ಹಾಕುತ್ತಿದ್ದರಲ್ಲ, ಹಾಗೆ. ಅಷ್ಟು ಜಾಗದೊಳಗೆ ಎಷ್ಟು ಇತಿಹಾಸ ಇದೆ ಅಂತ ಅವಳು ಬರುವವರೆಗೆ ನನಗೂ ಗೊತ್ತಿರಲಿಲ್ಲ.

ಅವಳು ಬಂದದ್ದು 2024ರ ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ. ಪಟಾಕಿ ಮುಗಿಯಲಿ ಅಂತಲೇ ಕಾದಿದ್ದೆವು. ಕೋಗಿಲು ಕ್ರಾಸ್ ಹತ್ತಿರ ಬಳ್ಳಾರಿ ರಸ್ತೆಯಲ್ಲಿ ಯಾವುದೋ ಗಾಡಿ ಗುದ್ದಿ ಹೋಗಿತ್ತಂತೆ. ಹಿಂಗಾಲು ಕೂಡಿಕೊಂಡ ಮೇಲೂ ಅದೇ ಹೆದ್ದಾರಿಗೆ ವಾಪಸು ಬಿಡೋದು ಹೇಗೆ ಅಂತ ಒಂದು ಆಶ್ರಯಧಾಮದಲ್ಲಿ ಎಂಟು ತಿಂಗಳು ಇಟ್ಟುಕೊಂಡಿದ್ದರು. ಮರಿಗಳನ್ನು ಕೇಳಿಕೊಂಡು ಬರುವವರು ಬೇಕಾದಷ್ಟು. ಎರಡು ವರ್ಷದ, ಕರೀ ಬಣ್ಣದ, ಮೂಲೆ ಬಿಟ್ಟು ಏಳದ ಕಂತ್ರಿ ನಾಯಿಯನ್ನು ಯಾರು ಕೇಳ್ತಾರೆ? ನಮ್ಮನೆಯವಳು ಕೇಳಿದಳು. ಅಲ್ಲಿದ್ದ ಹುಡುಗಿ ನಮಗೆ ಹೇಳಿದ್ದು ನಾಲ್ಕೇ ಮಾತು: "ಸಾರ್, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಮೇಲಿಂದ ಕೈ ಚಾಚಬೇಡಿ. ಮೊದಲ ತಿಂಗಳು ಬಾಗಿಲು ತೆಗೆದಿಡಬೇಡಿ, ಓಡಿಹೋದರೆ ಸಿಗಲ್ಲ. ಮತ್ತೆ... ಕಾಯ್ಬೇಕು ಸಾರ್."

ಯಲಹಂಕ ನ್ಯೂ ಟೌನಿನ ನಮ್ಮ ಹಳೇ ಹೌಸಿಂಗ್ ಬೋರ್ಡ್ ಮನೆಯ ಹಾಲಿನಲ್ಲಿ ಒಂದು ದಿವಾನ್ ಇದೆ. ಬುಟ್ಟಿಯಿಂದ ಇಳಿದವಳೇ ಅದರ ಕೆಳಗೆ ನುಗ್ಗಿ ಗೋಡೆಗೆ ಬೆನ್ನು ಒತ್ತಿ ಕೂತಳು. ಹನ್ನೊಂದು ದಿನ. ಊಟ, ನೀರು, ಉಚ್ಚೆ ಎಲ್ಲ ನಾವು ಮಲಗಿದ ಮೇಲೆ. ಬೆಳಗ್ಗೆ ಎದ್ದರೆ ತಟ್ಟೆ ಖಾಲಿ, ಅಡುಗೆಮನೆ ಬಾಗಿಲ ಬಳಿ ಒಂದು ಕೆರೆ. "ರೀ, ನಾವು ನಾಯಿ ತಂದಿದ್ದೀವೋ, ದಿವಾನ್ ಕೆಳಗೆ ಇಡೋಕೆ ಎರಡು ಕಣ್ಣು ತಂದಿದ್ದೀವೋ?" ಅಂದಳು ನಮ್ಮನೆಯವಳು.

ಇದರ ಜೊತೆಗೆ ಅಮ್ಮ. ನಮ್ಮಮ್ಮನಿಗೆ ಎಪ್ಪತ್ತೇಳು. ನಾಯಿ ಅಂದರೆ ಪ್ರಾಣಭಯ. ಹತ್ತು ವರ್ಷದವರಿದ್ದಾಗ ದೊಡ್ಡಬಳ್ಳಾಪುರದ ಹತ್ತಿರದ ಊರಿನಲ್ಲಿ ನಾಯಿ ಕಚ್ಚಿ, ಬೆಂಗಳೂರಿಗೆ ಕರೆತಂದು ಹೊಕ್ಕುಳ ಸುತ್ತ 14 ಇಂಜೆಕ್ಷನ್ ಕೊಡಿಸಿದ್ದರಂತೆ. ನಮ್ಮಲ್ಲಿ ಆ ತಲೆಮಾರಿನ ಯಾರನ್ನು ಕೇಳಿದರೂ ಈ ಹೊಕ್ಕುಳಿನ ಕಥೆ ಬರುತ್ತೆ. ಆ ಲಸಿಕೆಯ ಹಿಂದೆ ಇದ್ದವರು ಡೇವಿಡ್ ಸೆಂಪಲ್ ಎಂಬ ವೈದ್ಯರು. 1911ರಲ್ಲಿ ಕಸೌಲಿಯಲ್ಲಿ ತಯಾರಾದದ್ದು, ರೋಗಾಣು ಹೊಕ್ಕ ಕುರಿಯ ಮೆದುಳಿನಿಂದ. ಕೆಲವರಿಗೆ ಲಸಿಕೆಯಿಂದಲೇ ಲಕ್ವ ಹೊಡೆಯುವ ಅಪಾಯ ಇತ್ತು. ಆದರೂ ನಮ್ಮ ದೇಶದಲ್ಲಿ ಅದು ನಿಂತದ್ದು 2004ರ ಕೊನೆಗೆ! ಈಗಿನ ಲಸಿಕೆ ತೋಳಿಗೆ ಕೊಡುವಂಥದ್ದು, ನಾಲ್ಕೈದು ಸಲ ಅಷ್ಟೆ. ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. "ಇದು ದಿವಾನ್ ಕೆಳಗಿದ್ದರೆ ನಾನು ರೂಮಲ್ಲಿರ್ತೀನಿ. ಇದು ರೂಮಿಗೆ ಬಂದರೆ ನಾನು ನಿನ್ನ ತಂಗಿ ಮನೆಗೆ ಹೋಗ್ತೀನಿ, ಅಷ್ಟೆ ಕಣೋ" ಅಂದರು. ಹೀಗೆ ಒಂದೇ ಸೂರಿನ ಕೆಳಗೆ ಮನುಷ್ಯನಿಗೆ ಹೆದರುವ ನಾಯಿ, ನಾಯಿಗೆ ಹೆದರುವ ಮನುಷ್ಯ. ನಡುವೆ ನಾವಿಬ್ಬರು.

ಹೆಸರಿಟ್ಟವನು ನಾನು. ಬಣ್ಣ ನೋಡಿ ಇಟ್ಟದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಕಾಳಿ ಅನ್ನುವುದು ಕನ್ನಡನಾಡಿನ ಬಹುಶಃ ಅತ್ಯಂತ ಗೌರವಾನ್ವಿತ ನಾಯಿಯ ಹೆಸರು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಗೊತ್ತಿರಬೇಕಲ್ಲ? ಕ್ರಿ.ಶ. 949-50ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಗಿ, ಗಂಗರ ಇಮ್ಮಡಿ ಬೂತುಗ ಕೃಷ್ಣನ ಪರವಾಗಿ ಹೋರಾಡಿದ. ಚೋಳ ರಾಜಾದಿತ್ಯ ಸತ್ತ. ಬೂತುಗನ ಕಡೆಯ ಮಣಲೆರ ಅನ್ನುವ ವೀರನ ಪರಾಕ್ರಮ ಮೆಚ್ಚಿ, ಏನು ಬೇಕೋ ಕೇಳು ಅಂದಾಗ ಅವನು ಊರು ಉಂಬಳಿ ಕೇಳಲಿಲ್ಲ, 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿ ಎರಡೂ ಒಂದಕ್ಕೊಂದು ಬಿದ್ದಿರುವ ಕೆತ್ತನೆ ಇದೆ. ಆ ಕಲ್ಲನ್ನು ಬೆಂಗಳೂರಿಗೆ ತಂದು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ನಾನು ಅದನ್ನು ನೋಡಿದ್ದೂ ಅಲ್ಲೇ.

ನಮ್ಮ ಕಡೆಗೂ ವೀರಗಲ್ಲಿಗೆ ಬರವಿಲ್ಲ. ಹೆಬ್ಬಾಳದಲ್ಲೇ 2018ರಲ್ಲಿ ಕಿತ್ತಯ್ಯನ ಕಲ್ಲು ಸಿಕ್ಕಿತು, ಸುಮಾರು 750ರದ್ದು. ಅದು ಊರಿಗಾಗಿ ಕಾದಾಡಿ ಸತ್ತ ಮನುಷ್ಯನದು. ಮನುಷ್ಯನಿಗೆ ಕೊಟ್ಟ ಮರ್ಯಾದೆಯನ್ನೇ ನಾಯಿಗೂ ಕೊಟ್ಟ ಕಾಲ ಒಂದಿತ್ತು ಅಂತ ಹೆಮ್ಮೆಪಡಬಹುದು. ಆದರೆ ಒಂದು ತಕರಾರು ಇದೆ ನನ್ನದು. ಆತಕೂರಿನ ಕಾಳಿ ರಾಜನ ನಾಯಿ. ಬೀದಿಯಲ್ಲಿ ಹುಟ್ಟಿ ಬೀದಿಯಲ್ಲೇ ಸತ್ತ ಸಾವಿರಾರು ನಾಯಿಗಳಿಗೆ ಯಾರೂ ಕಲ್ಲು ನೆಡಲಿಲ್ಲ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲಿನವರೆಗೆ ನಡೆದ ನಾಯಿಯ ಕಥೆ ಕೇಳಿ ಕಣ್ಣೊರೆಸಿಕೊಂಡ ಕೈಯೇ ಮನೆಗೆ ಬಂದು ಕಲ್ಲು ಎತ್ತಿಕೊಳ್ಳುತ್ತೆ.

ಬೀದಿನಾಯಿಯ ಇತಿಹಾಸ ಸಿಗುವುದು ಕಲ್ಲಿನಲ್ಲಲ್ಲ, ಕಾನೂನಿನಲ್ಲಿ. ಬ್ರಿಟಿಷರ ಕಾಲದಲ್ಲಿ ಬೊಂಬಾಯಿಯಲ್ಲಿ ಬೀದಿನಾಯಿ ಕೊಂದವರಿಗೆ ತಲೆಗೆ ಎಂಟಾಣೆಯಂತೆ ಇನಾಮು ಇತ್ತು. ಇನಾಮಿನ ಆಸೆಗೆ ಪೊಲೀಸರು ಮನೆ ಬಾಗಿಲಿನ ನಾಯಿಗಳನ್ನೂ ಬಡಿಯತೊಡಗಿದಾಗ, 1832ರ ಜೂನ್‌ನಲ್ಲಿ ಪಾರ್ಸಿಗಳು ತಿರುಗಿಬಿದ್ದು ಗಲಭೆಯೇ ಆಯಿತು. ಸ್ವಾತಂತ್ರ್ಯ ಬಂದ ಮೇಲಾದರೂ ಬದಲಾಯಿತೇ ಅಂದರೆ, ಅರ್ಧ. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಯಾವುದೆಲ್ಲ ಹಿಂಸೆ ಅಂತ ಪಟ್ಟಿ ಮಾಡಿ, ಕೊನೆಗೆ ಯಾವುದು ಹಿಂಸೆ ಅಲ್ಲ ಅಂತಲೂ ಬರೆದರು. ಬೀದಿನಾಯಿಗಳನ್ನು ಗೂಡಿಗೆ ಹಾಕಿ ಕೊಲ್ಲುವುದು ಆ ಎರಡನೇ ಪಟ್ಟಿಯಲ್ಲಿತ್ತು. ಹಾಗಾಗಿ ದೇಶದ ನಗರಸಭೆಗಳೆಲ್ಲ ಕೊಲ್ಲುತ್ತಲೇ ಹೋದವು.

ಇಲ್ಲಿ ನನ್ನದೊಂದು ಸಂಗತಿ ಹೇಳಬೇಕು. ಬರೆಯೋದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ.

1985 ಇರಬೇಕು. ನಾನು ನಾಲ್ಕನೇ ಕ್ಲಾಸು. ಆಗ ನಾವಿದ್ದದ್ದು ಆರ್.ಟಿ. ನಗರದಲ್ಲಿ, ಮಠದಹಳ್ಳಿ ಕಡೆ. ಬೀದಿ ತುದಿಯಲ್ಲಿ ಒಂದು ಇಸ್ತ್ರಿ ಗಾಡಿ, ಅದರ ಕೆಳಗೆ ಕರಿಯ. ಯಾರ ನಾಯಿಯೂ ಅಲ್ಲ, ಬೀದಿಯ ನಾಯಿ. ಇಸ್ತ್ರಿಯವರು ಬೆಳಗ್ಗೆ ಅರ್ಧ ಬನ್ನು ಹಾಕೋರು, ನಾವು ಶಾಲೆಯಿಂದ ಬಂದಾಗ ಬಾಲ ಅಲ್ಲಾಡಿಸಿಕೊಂಡು ಜೊತೆಗೆ ಬರ್ತಿತ್ತು. ಒಂದು ದಿನ ನಾಯಿ ಹಿಡಿಯುವ ಗಾಡಿ ಬಂತು. ಹಿಂದೆ ಜಾಲರಿ, ಒಳಗೆ ಊಳಿಡುವ ಸದ್ದು. ಇಬ್ಬರು ಇಳಿದರು, ಕೈಯಲ್ಲಿ ಉದ್ದನೆಯ ಕಬ್ಬಿಣದ ಇಕ್ಕಳ. ಅದರಲ್ಲೊಬ್ಬ ನನ್ನನ್ನು ನೋಡಿ ಬಹಳ ಪ್ರೀತಿಯಿಂದಲೇ ಕೇಳಿದ: "ಪುಟ್ಟಾ, ಇಲ್ಲೊಂದು ಕರೀ ನಾಯಿ ಇತ್ತಲ್ಲ, ಎಲ್ಲಿ?" ನಾನು ಇಸ್ತ್ರಿ ಗಾಡಿಯ ಕಡೆ ಬೆರಳು ತೋರಿಸಿದೆ. ಹೆದರಿಕೆಯೂ ಇರಲಿಲ್ಲ, ಆಮಿಷವೂ ಇರಲಿಲ್ಲ. ದೊಡ್ಡವರು ಕೇಳಿದರು, ಗೊತ್ತಿತ್ತು, ಹೇಳಿದೆ. ಇಕ್ಕಳ ಕುತ್ತಿಗೆಗೆ ಬಿದ್ದಾಗ ಕರಿಯ ಕೂಗಲೇ ಇಲ್ಲ. ಸುಮ್ಮನೆ ನಮ್ಮ ಕಡೆ ನೋಡ್ತು. ಇಸ್ತ್ರಿಯವರು ನನಗೆ ಒಂದು ಮಾತೂ ಬೈಯಲಿಲ್ಲ. ಆಮೇಲೆ ನಾನು ಆ ಬೀದಿ ತುದಿಗೆ ಹೋಗೋದು ಬಿಟ್ಟು ಸುತ್ತುಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಸರಿ, ಮತ್ತೆ ಇತಿಹಾಸಕ್ಕೆ ಬರೋಣ. ಕೊಂದರೆ ಏನಾಯಿತು? ನಾಯಿಗಳು ಕಡಿಮೆಯಾಗಲಿಲ್ಲ. ಒಂದು ಬೀದಿಯ ನಾಯಿ ಹೋದರೆ ಅಲ್ಲಿನ ಕಸದ ಅನ್ನಕ್ಕೆ ಪಕ್ಕದ ಬೀದಿಯ ನಾಯಿ ಬರುತ್ತೆ, ವರ್ಷದೊಳಗೆ ಮರಿ ಹಾಕುತ್ತೆ. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೇಬೀಸ್ ತಜ್ಞರ ಸಮಿತಿ ಇದನ್ನೇ ಅಧಿಕೃತವಾಗಿ ಹೇಳಿತು: ನಾಯಿಗಳನ್ನು ತೆಗೆದುಹಾಕಿದ್ದರಿಂದ ಅವುಗಳ ಸಂಖ್ಯೆಯಾಗಲಿ ರೇಬೀಸ್ ಹರಡುವುದಾಗಲಿ ಗಮನಾರ್ಹವಾಗಿ ತಗ್ಗಿದ್ದಕ್ಕೆ ಪುರಾವೆ ಇಲ್ಲ. ಮದ್ರಾಸಿನ ಬ್ಲೂ ಕ್ರಾಸಿನವರು 1960ರ ದಶಕದಿಂದಲೇ ಈ ಮಾತು ಹೇಳುತ್ತಿದ್ದರು, ಕೇಳುವವರಿರಲಿಲ್ಲ.

ಬೆಂಗಳೂರಿನಲ್ಲಿ ಕೇಳಿಸಿದ್ದು ನಮ್ಮ ಹೆಬ್ಬಾಳದಿಂದ. ಪ್ರಾಣಿಗಳ ವಿಷಯದಲ್ಲಿ ಹೆಬ್ಬಾಳ ಹಳೇ ಊರು. ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸಲು 1925ರಲ್ಲೇ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾದದ್ದು ಅಲ್ಲಿ. ಪಶುವೈದ್ಯ ಕಾಲೇಜು ಬಂದದ್ದು 1958ರಲ್ಲಿ. ಆದರೆ ಇವೆಲ್ಲ ಹಾಲು ಕೊಡುವ, ನೇಗಿಲು ಎಳೆಯುವ ಪ್ರಾಣಿಗಳಿಗಾಗಿ. ಏನೂ ಕೊಡದ ಕಂತ್ರಿ ನಾಯಿಗೂ ಹೆಬ್ಬಾಳದಲ್ಲಿ ಜಾಗ ಸಿಕ್ಕಿದ್ದು ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಅಜ್ಜಿಯಿಂದ. ಹುಟ್ಟಿದ್ದು 1906ರಲ್ಲಿ. ದೆಹಲಿಯಲ್ಲಿ ಒಂದು ಪ್ರಾಣಿಧಾಮ ಕಟ್ಟಿ, ಆಮೇಲೆ ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಕಟ್ಟಿ, ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದು 1991ರಲ್ಲಿ ಇಲ್ಲಿನ ಕೆಲವರನ್ನು ಕಟ್ಟಿಕೊಂಡು 'ಕ್ಯೂಪಾ' ಸಂಸ್ಥೆ ಶುರುಮಾಡಿದರು. ಬಹಳ ವರ್ಷ ಅದರ ಆಸ್ಪತ್ರೆ ನಡೆದದ್ದು ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲೇ. 1996ರಲ್ಲಿ ಅಜ್ಜಿ ತೀರಿಕೊಂಡರು. ಎಂಬತ್ತೈದರಲ್ಲಿ ನಾವೆಲ್ಲ ಏನು ಮಾಡ್ತಿರ್ತೀವೋ, ಇದ್ದರೆ!

2001ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ಬೀದಿನಾಯಿಯನ್ನು ಹಿಡಿಯಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬೇಕು, ರೇಬೀಸ್ ಲಸಿಕೆ ಹಾಕಬೇಕು, ವಾಸಿಯಾದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಮತ್ತೆ ಹಿಡಿದು ಹೊಟ್ಟೆ ಕೊಯ್ಯದಂತೆ ಗುರುತಿಗೆ ಕಿವಿಯ ತುದಿ ಕತ್ತರಿಸಬೇಕು. ಅರಿವಳಿಕೆಯಲ್ಲಿದ್ದಾಗಲೇ ಮಾಡುವುದರಿಂದ ಆಗ ನೋವಿರುವುದಿಲ್ಲ. ಇದೇ ಕಾಳಿಯ ಕಿವಿಯ ರಹಸ್ಯ. ನೋಡಿದವರಿಗೆ ಗಾಯದಂತೆ ಕಾಣುತ್ತೆ, ನಿಜದಲ್ಲಿ ಅದು ಬದುಕಲು ಕೊಟ್ಟ ಲೈಸೆನ್ಸು.

ಆದರೆ ಇದು ನಮ್ಮ ಕಡೆಯ ವಿವರಣೆ. ಕಾಳಿಯ ಕಡೆಯಿಂದ ನೋಡಿದರೆ? ಯಾವುದೋ ಬೆಳಗ್ಗೆ ಬಲೆ ಬಿತ್ತು. ಗಾಡಿ, ಕತ್ತಲೆ, ಬೇರೆ ನಾಯಿಗಳ ಕೂಗು. ಎಚ್ಚರವಾದಾಗ ಹೊಟ್ಟೆಯಲ್ಲಿ ಹೊಲಿಗೆ. ನಾಲ್ಕೈದು ದಿನದ ಮೇಲೆ ಬೀದಿಗೆ. ಅವಳಿಗೆ 2001ರ ನಿಯಮ ಓದಲು ಬರುತ್ತದೆಯೇ? ಅವಳ ಮಟ್ಟಿಗೆ 1832ಕ್ಕೂ ಇದಕ್ಕೂ ಏನು ವ್ಯತ್ಯಾಸ? ಇದು ನನಗೆ ಹೊಳೆದದ್ದು ಒಂದು ಸೊಳ್ಳೆಪರದೆಯಿಂದ. ಮೂರನೇ ವಾರ. ರಾತ್ರಿ ಹೊತ್ತು ಹಾಲಿನಲ್ಲಿ ಓಡಾಡುವಷ್ಟು ಧೈರ್ಯ ಬಂದಿತ್ತು. ಅವತ್ತು ಸೊಳ್ಳೆ ಜಾಸ್ತಿ ಅಂತ ನಾನು ಪರದೆ ಕೊಡವಿದೆ. ಕಾಳಿ ಗೋಡೆಗೆ ಹಾರಿ ಬಿದ್ದು, ಅಲ್ಲೇ ಉಚ್ಚೆ ಹೊಯ್ದುಕೊಂಡು, ನಡುಗುತ್ತಾ ದಿವಾನ್ ಕೆಳಗೆ ಸೇರಿದಳು. ಮತ್ತೆ ಆರು ದಿನ ಹೊರಗಿಲ್ಲ. ಬಲೆ!

ಆಮೇಲೆ ನಾನು ಹೆದರಿಕೆಯ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. 1924ರಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ಘಟನೆಗಳಿವೆ, ಪ್ರಪಂಚದ ಎರಡು ತುದಿಯಲ್ಲಿ. ಒಂದು ಲೆನಿನ್‌ಗ್ರಾಡಿನಲ್ಲಿ. ಗಂಟೆ ಬಾರಿಸಿ ನಾಯಿ ಜೊಲ್ಲು ಸುರಿಸಿದ ಕಥೆ ಹೈಸ್ಕೂಲಿನಲ್ಲಿ ಓದಿದ್ದೆವಲ್ಲ, ಆ ಪಾವ್ಲೋವ್ ಅವರ ನಾಯಿಗಳಿದ್ದ ಜಾಗಕ್ಕೆ ಸೆಪ್ಟೆಂಬರ್ 23ರಂದು ನದಿಯ ಪ್ರವಾಹ ನುಗ್ಗಿತು. ಗೂಡುಗಳಿಗೆ ಕತ್ತಿನವರೆಗೆ ನೀರು. ಗೂಡಿನ ಬಾಗಿಲುಗಳು ತಗ್ಗಿನಲ್ಲಿದ್ದದ್ದರಿಂದ ನಾಯಿಗಳ ತಲೆಯನ್ನು ನೀರೊಳಗೆ ಅದ್ದಿ ಹೊರಗೆಳೆದು ಉಳಿಸಬೇಕಾಯಿತು. ಎಲ್ಲ ಬದುಕಿದ ಮೇಲೆ ನೋಡಿದರೆ, ಕೆಲವು ನಾಯಿಗಳು ಕಲಿತದ್ದೆಲ್ಲ ಮರೆತಿದ್ದವು. ವಾರಗಟ್ಟಲೆ ತಿದ್ದಿ ಸರಿಮಾಡಿದ ಮೇಲೆ, ಒಂದು ದಿನ ಬಾಗಿಲ ಸಂದಿಯಿಂದ ಸ್ವಲ್ಪವೇ ನೀರು ಹರಿಯಬಿಟ್ಟರು. ಅಷ್ಟೆ, ನಾಯಿ ಮತ್ತೆ ಅದೇ ಪ್ರವಾಹದ ರಾತ್ರಿಗೆ ಹೋಗಿಬಿಟ್ಟಿತು. ನಮ್ಮ ಸೊಳ್ಳೆಪರದೆ ಆ ಬಾಗಿಲ ಸಂದಿಯ ನೀರು.

ಇನ್ನೊಂದು ನ್ಯೂಯಾರ್ಕಿನಲ್ಲಿ. ಮೇರಿ ಕವರ್ ಜೋನ್ಸ್ ಎಂಬಾಕೆ ಮೂರು ವರ್ಷದ ಪೀಟರ್ ಎಂಬ ಮಗುವಿನ ಬಗ್ಗೆ ಬರೆದ ಲೇಖನ ಅದೇ 1924ರಲ್ಲಿ ಪ್ರಕಟವಾಯಿತು. ಮಗುವಿಗೆ ಮೊಲ ಕಂಡರೆ ಭಯ. ಆಕೆ ಮಗು ತನಗಿಷ್ಟವಾದದ್ದು ತಿನ್ನುತ್ತಾ ಕೂತಿರುವಾಗ, ಬೋನಿನಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತರುತ್ತಾ ಹೋದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿಸಿದ. ಹೆದರಿಕೆಯ ನಾಯಿಗಳಿಗೆ ಈವತ್ತು ತರಬೇತುದಾರರು ಮಾಡುವ ಚಿಕಿತ್ಸೆಯ ಬೇರು ಇದೇ. ಮಗುವಿಗೆ ಕಂಡುಹಿಡಿದದ್ದು ನೂರು ವರ್ಷಕ್ಕೆ ಯಲಹಂಕದ ನಾಯಿಗೆ ಬಂತು.

ಪರದೆಯನ್ನು ಮಡಚಿ ಹಾಲಿನ ಆ ಕೊನೆಯ ಕುರ್ಚಿಯ ಮೇಲಿಟ್ಟೆ. ಈ ಕೊನೆಯಲ್ಲಿ ಬೇಯಿಸಿದ ಕೋಳಿ ಈಲಿ, ಉಗುರಿನಷ್ಟು ಚೂರು. ತಿಂದಳು. ಮರುದಿನ ಕುರ್ಚಿ ಒಂದು ಅಡಿ ಈಚೆಗೆ. ತಿನ್ನಲಿಲ್ಲ. ಅರ್ಧ ಅಡಿ ಹಿಂದಕ್ಕೆ. ತಿಂದಳು. ಹೀಗೆ ಒಂದೂವರೆ ತಿಂಗಳು. ಹೊಟ್ಟೆ ತುಂಬಿದ್ದರೆ ನಡೆಯಲ್ಲ, ಆತುರ ಮಾಡಿದರೆ ಮೊದಲಿಗಿಂತ ಹಿಂದಕ್ಕೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡದ 2017ರ ಒಂದು ಅಧ್ಯಯನದ ಪ್ರಕಾರ, ನಮ್ಮ ಬೀದಿನಾಯಿಗಳ ನಂಬಿಕೆ ಗಳಿಸಲು ತಿಂಡಿಗಿಂತ ತಲೆ ಸವರುವುದೇ ಹೆಚ್ಚು ಫಲಕಾರಿ. ಇರಬಹುದು. ನಮ್ಮವಳ ತಲೆ ಸವರಲು ಕೈ ಹತ್ತಿರ ಹೋಗಬೇಕಲ್ಲ!

ಇಷ್ಟರಲ್ಲಿ ನಾನು ಗಮನಿಸದ ಒಂದು ಸಂಗತಿ ನಡೆದಿತ್ತು. ನಾನೂ ನಮ್ಮನೆಯವಳೂ ಅವಳನ್ನು ಒಲಿಸಿಕೊಳ್ಳಲು ಪ್ರಾಣ ಬಿಡುತ್ತಿದ್ದರೆ, ಕಾಳಿ ಹೋಗಿ ಕೂರುತ್ತಿದ್ದದ್ದು ಅಮ್ಮನ ರೂಮಿನ ಹೊಸ್ತಿಲ ಹತ್ತಿರ. ಯಾಕೆಂದರೆ ಮನೆಯಲ್ಲಿ ಅವಳನ್ನು ನೋಡದ, ಕರೆಯದ, ಕೈ ಚಾಚದ ಒಬ್ಬರೇ ಒಬ್ಬರು ಅಮ್ಮ. "ನೋಡೋ ಇದು ಇಲ್ಲಿಗೆ ಬಂದಿದೆ" ಅಂತ ಅಮ್ಮ ಗೋಡೆ ಕಡೆ ತಿರುಗಿ ಹೇಳೋರು. ತಂಗಿ ಮನೆಗೆ ಮಾತ್ರ ಹೋಗಲಿಲ್ಲ.

ಆಮೇಲೆ ಫೆಬ್ರವರಿ ಬಂತು. ಯಲಹಂಕದವರಿಗೆ ಬೆಸ ವರ್ಷದ ಫೆಬ್ರವರಿ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಇಲ್ಲಿನ ವಾಯುಪಡೆ ನೆಲೆ 1963ರದ್ದು, ಏರೋ ಇಂಡಿಯಾ 1996ರಿಂದ ನಡೆಯುತ್ತಿದೆ. 2025ರಲ್ಲಿ ಫೆಬ್ರವರಿ 10ರಿಂದ 14. ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿವೆ ಅಂತ ಊರೆಲ್ಲ ಸಂಭ್ರಮ, ತಾರಸಿಗಳಲ್ಲಿ ಜಾತ್ರೆ. ನಮಗೆ ಎರಡು ಸಂಕಟ. ಮೊದಲನೆಯದು ಈಲಿ. ಹದ್ದುಗಳು ವಿಮಾನಕ್ಕೆ ಅಡ್ಡ ಬರಬಾರದು ಅಂತ ಜನವರಿ 23ರಿಂದ ಫೆಬ್ರವರಿ 17ರವರೆಗೆ ನೆಲೆಯ ಸುತ್ತ 13 ಕಿಲೋಮೀಟರ್ ಮಾಂಸದಂಗಡಿ ಬಂದ್. ಮೊಟ್ಟೆ, ಪನೀರು ಅಂತ ಒಪ್ಪಿಸಲು ನೋಡಿದೆವು. ಮೂಸಿ ನಮ್ಮ ಮುಖ ನೋಡಿದಳು. ಎರಡನೆಯದು ಸದ್ದು. ತಾಲೀಮಿನ ಮೊದಲ ದಿನವೇ ಕಿಟಕಿ ಗಾಜು ನಡುಗಿದಾಗ ಕಾಳಿ ಬಚ್ಚಲುಮನೆಗೆ ಹೋಗಿ ಹಂಡೆಯ ಹಿಂದೆ ಸೇರಿಕೊಂಡಳು. ಬಾಯಿಂದ ಜೊಲ್ಲು, ಮೈಯೆಲ್ಲ ನಡುಕ. ಮೂರು ತಿಂಗಳ ಕೆಲಸ ಮೂರು ನಿಮಿಷದಲ್ಲಿ ಹೋಯಿತು.

ನಾವಿಬ್ಬರೂ ಕೆಲಸಕ್ಕೆ ಹೋಗಲೇಬೇಕು. ಬುಧವಾರ ಸಂಜೆ ಬಂದು ನೋಡಿದರೆ ಅಮ್ಮ ರೂಮಿನಲ್ಲಿಲ್ಲ. ಬಚ್ಚಲುಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಗೋಡೆ ಕಡೆ ಮುಖ ಮಾಡಿ, ವಿಷ್ಣು ಸಹಸ್ರನಾಮ ಹೇಳ್ತಾ ಕೂತಿದ್ದಾರೆ. ಕಾಳಿಯ ಮೂತಿ ಹಂಡೆಯ ಹಿಂದಿನಿಂದ ಹೊರಬಂದು ಅಮ್ಮನ ಪಾದದಿಂದ ಒಂದು ಗೇಣು ದೂರದಲ್ಲಿದೆ. "ಬೆಳಗ್ಗೆಯಿಂದ ಮೂರು ಸಲ ಆಯ್ತು ಕಣೋ. ನಿಲ್ಲಿಸಿದರೆ ನಡುಗುತ್ತೆ" ಅಂದರು. ಶುಕ್ರವಾರದ ಹೊತ್ತಿಗೆ ಆ ಒಂದು ಗೇಣೂ ಇರಲಿಲ್ಲ.

ಇಷ್ಟೆಲ್ಲ ಬರೆದು, ಕಚ್ಚಿಸಿಕೊಂಡವರ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತೆ. 2007ರ ಆರಂಭದಲ್ಲಿ ನಮ್ಮ ಊರಿನಲ್ಲೇ ಇಬ್ಬರು ಪುಟ್ಟ ಮಕ್ಕಳು ಬೀದಿನಾಯಿಗಳ ದಾಳಿಯಿಂದ ಸತ್ತರು. ಆ ತಂದೆತಾಯಿಯ ಮುಂದೆ ನಿಂತು ಕಿವಿಯ ಇತಿಹಾಸ ಹೇಳುವ ಧೈರ್ಯ ನನಗಂತೂ ಇಲ್ಲ. ಆಗ ಊರು ಸಿಟ್ಟಿಗೆದ್ದಿತು, ಸಾಮೂಹಿಕವಾಗಿ ನಾಯಿ ಹಿಡಿದರು, ಕೊಂದ ಸುದ್ದಿಗಳೂ ಬಂದವು, ಅದರ ವಿರುದ್ಧ ಪ್ರತಿಭಟನೆಯೂ ಆಯಿತು. ನಾಯಿಪ್ರೇಮಿಗಳಲ್ಲಿ ಕೆಲವರು ಈ ಸಾವುಗಳನ್ನು ಅಂಕಿಸಂಖ್ಯೆ ಹಿಡಿದು ಸಣ್ಣದು ಮಾಡುವುದನ್ನು ಕೇಳಿದ್ದೇನೆ. ಮೈ ಉರಿಯುತ್ತೆ. ಹಾಗೆಯೇ, ನಿಯಮವಿದ್ದೂ ಶಸ್ತ್ರಚಿಕಿತ್ಸೆಯನ್ನು ಅರ್ಧಂಬರ್ಧ ಮಾಡಿದರೆ ಫಲ ಸಿಗುವುದಿಲ್ಲ. ರೇಬೀಸ್ ನಿಲ್ಲಬೇಕಾದರೆ ನೂರಕ್ಕೆ ಎಪ್ಪತ್ತು ನಾಯಿಗಳಿಗಾದರೂ ಲಸಿಕೆ ಆಗಿರಬೇಕು ಅನ್ನುವುದು ಲೆಕ್ಕ. ಬಿಬಿಎಂಪಿಯ 2019ರ ಗಣತಿಯಲ್ಲಿ ನಾಯಿಗಳು ಸುಮಾರು 3.10 ಲಕ್ಷ, ಅವುಗಳಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದವು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 2023ರ ಗಣತಿಯಲ್ಲಿ ಸುಮಾರು 2.79 ಲಕ್ಷ, ಶಸ್ತ್ರಚಿಕಿತ್ಸೆ ಆದವು ನೂರಕ್ಕೆ 71ರ ಮೇಲೆ. ಈ ಗಣತಿಗೆ ನೆರವಾದ ಸಂಸ್ಥೆಗಳಲ್ಲಿ ನಮ್ಮ ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ 'ನಿವೇದಿ'ಯೂ ಒಂದು. ನಿಧಾನ, ಆದರೆ ಇಳಿದಿದೆ. ಕೊಂದಾಗ ಇಳಿಯದದ್ದು ಕಿವಿ ಕತ್ತರಿಸಿದಾಗ ಇಳಿಯಿತು.

2025ರಲ್ಲಿ ಮತ್ತೆ ಇದೇ ಜಗಳ ಸುಪ್ರೀಂ ಕೋರ್ಟಿನಲ್ಲಿ. ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಆಶ್ರಯಕ್ಕೆ ಸಾಗಿಸಿ ಅಂತ ಆದೇಶ. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬೀಸ್ ಇರುವ ಮತ್ತು ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆ ಮಾಡಿ ವಾಪಸು ಬಿಡಿ ಅಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ಹಿಡಿದವನ್ನು ಮಾತ್ರ ಅಲ್ಲೇ ಬಿಡಬೇಡಿ ಅಂತ ಇನ್ನೊಂದು ಆದೇಶ. ಟಿವಿ ನೋಡಿ ನೋಡಿ ಅಮ್ಮ ಕೇಳಿದರು, "ನಮ್ಮ ಇವಳನ್ನೇನೂ ಕೇಳಲ್ಲ ತಾನೇ?"

ಡಿಸೆಂಬರಿನ ಒಂದು ಬೆಳಗ್ಗೆ ನಮ್ಮ ಬೀದಿಗೆ ಗಾಡಿ ಬಂತು. ಬೀದಿಯಲ್ಲಿ ಬಿಳೀ ಮೈಗೆ ಕಂದು ಮಚ್ಚೆಯ ಒಂದು ಹೆಣ್ಣುನಾಯಿ ಇತ್ತು, ಎರಡು ಸಲ ಮರಿ ಹಾಕಿ, ಎರಡು ಸಲವೂ ಮರಿಗಳು ಗಾಡಿಗೆ ಸಿಕ್ಕಿದ್ದವು. ಗಾಡಿಯ ಬಾಗಿಲು ಸರಿದ ಸದ್ದಿಗೇ ಕಾಳಿ ದಿವಾನ್ ಕೆಳಗೆ ಹೋದಳು. ನಾನು ಗೇಟಿನ ಹತ್ತಿರ ನಿಂತಿದ್ದೆ. ಬಲೆ ಹಿಡಿದಿದ್ದ ಹುಡುಗ ಬಂದು ಕೇಳಿದ: "ಸಾರ್, ಈ ರೋಡಲ್ಲಿ ಒಂದು ಬಿಳೀ ನಾಯಿ ಆಪರೇಷನ್ ಆಗಿಲ್ವಂತೆ, ಎಲ್ಲಿ ಮಲಗುತ್ತೆ ಗೊತ್ತಾ?"

ಗೊತ್ತಿತ್ತು. ದಿನಾ ರಾತ್ರಿ ಅನ್ನ ಹಾಕುತ್ತಿದ್ದವನು ನಾನೇ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆ ಹುಡುಗನಿಗೆ ನನಗೆ ಕಿವಿ ಕೇಳಿಸಲಿಲ್ಲ ಅನ್ನಿಸಿರಬೇಕು, ಇನ್ನೊಂದು ಸಲ ಕೇಳಿದ. ಟ್ರಾನ್ಸ್‌ಫಾರ್ಮರ್ ಹಿಂದಿನ ಖಾಲಿ ಸೈಟಿನ ಕಡೆ ಬೆರಳು ತೋರಿಸಿದೆ. ಬಲೆ ಬಿದ್ದಾಗ ಅದು ಕೂಗಿತು. ನಾನು ಒಳಗೆ ಹೋಗಲಿಲ್ಲ, ಗಾಡಿಯ ನಂಬರು ಬರೆದುಕೊಂಡೆ. ಆ ದಿನ ಆಫೀಸಿನಲ್ಲಿ ಏನು ಕೆಲಸ ಮಾಡಿದೆನೋ ನೆನಪಿಲ್ಲ. ಎರಡನೇ ದಿನ, ಮೂರನೇ ದಿನ ರಾತ್ರಿ ತಟ್ಟೆ ತೆಗೆದುಕೊಂಡು ಸೈಟಿನವರೆಗೆ ಹೋಗಿ ಬಂದೆ.

ಐದನೇ ದಿನ ಬೆಳಗ್ಗೆ ಹಾಲು ತರಲು ಗೇಟು ತೆಗೆದರೆ ಎದುರಿಗೇ ಕೂತಿದೆ. ಹೊಟ್ಟೆಯ ಕೂದಲು ಬೋಳಿಸಿದ್ದಾರೆ, ಬಲಗಿವಿಯ ತುದಿ ಇಲ್ಲ. ನನ್ನನ್ನು ನೋಡಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು. ಕಾಳಿ ಹಿಂದಿನಿಂದ ಬಂದು ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ನಿಂತಳು. ಅದು ಮೆಲ್ಲಗೆ ಹತ್ತಿರ ಬಂತು. ಕಾಳಿ ಅದರ ಕಿವಿಯನ್ನು ತುಂಬಾ ಹೊತ್ತು ಮೂಸಿದಳು.

"ಯಾರೋ ಅದು?" ಅಂತ ಒಳಗಿಂದ ಅಮ್ಮ ಕೂಗಿದರು. ಹೇಳಿದೆ.

"ಅದಕ್ಕೂ ಒಂದಿಷ್ಟು ಮೊಸರನ್ನ ಹಾಕು. ಕಾಳಿ ತಟ್ಟೆಯಲ್ಲಿ ಬೇಡ, ಬೇರೆ ತಟ್ಟೆಯಲ್ಲಿ."